ಬಾಲದ ತೂಕ

ಕೃಷ್ಣಸಾಮಿ ಬೆರಳನ್ನು ಮತ್ತೊಮ್ಮೆ ಮೂಸಿದ. ಸೋಪು ಹಾಕಿ ಮೂರು ಸಲ ತೊಳೆದರೂ ಅಂಟಿನ ವಾಸನೆ ಹೋಗಿರಲಿಲ್ಲ. ಹೆಬ್ಬೆರಳಿನ ತುದಿಯಲ್ಲಿ ಅದು ಒಣಗಿ ಗಾಜಿನ ಹಾಗೆ ಗಟ್ಟಿಯಾಗಿತ್ತು. ಏನನ್ನು ಮುಟ್ಟಿದರೂ ಮುಟ್ಟಿದ ಹಾಗೆ ಆಗುತ್ತಿರಲಿಲ್ಲ.

ಕಾಲೇಜಿನ ಗೇಟಿನಲ್ಲಿ ಹಾಜರಿ ಯಂತ್ರಕ್ಕೆ ಅದೇ ಹೆಬ್ಬೆರಳು ಒತ್ತಿದ. ಕೆಂಪು ದೀಪ. ಒರೆಸಿಕೊಂಡು ಮತ್ತೆ ಒತ್ತಿದ. ಮತ್ತೆ ಕೆಂಪು.

'ಯಾರಪ್ಪಾ ನೀನು ಅಂತ ಕೇಳ್ತಾ ಇದೆ ಸಾರ್,' ಎಂದು ಬಸ್ಸಿನ ಬಾಗಿಲಲ್ಲಿ ನಿಂತಿದ್ದ ಡ್ರೈವರ್ ಚೆನ್ನಿಯಪ್ಪನ್ ನಕ್ಕ. 'ಹದಿನೆಂಟು ವರ್ಷ ಇಲ್ಲೇ ಕೂಗಾಡಿದೋರನ್ನ ಗೊತ್ತೇ ಇಲ್ಲ ಅಂತದೆ.'

'ನೀವು ವಂಡಿ ತೆಗೀರಿ ಅಣ್ಣಾ. ಟೈಮಾಯ್ತು.'

'ಸರಿಂಗ ಸಾರ್.'

ಟೈಮಾಗಿರಲಿಲ್ಲ. ಇನ್ನೂ ಆರೂವರೆ. ಕೃಷ್ಣಸಾಮಿ ಯಂತ್ರಕ್ಕೆ ಬೆನ್ನು ತಿರುಗಿಸಿ ಬಸ್ಸು ಹತ್ತಿದ.

ಒಳಗೆ ಎಂಟು ಮಂದಿ ವಿದ್ಯಾರ್ಥಿಗಳು, ಮಧ್ಯದ ಸೀಟುಗಳ ಮೇಲೆ ಅಡ್ಡಲಾಗಿ ಮಲಗಿಸಿದ, ರಿಮೋಟಿನಿಂದ ಹಾರುವ ಮಾದರಿ ವಿಮಾನ. ಆರಡಿ ರೆಕ್ಕೆ, ಬಾಲ್ಸಾ ಎಂಬ ಹಗುರ ಮರದ ಎಲುಬು, ಮೇಲೆ ಕೆಂಪು ಪ್ಲಾಸ್ಟಿಕ್ ಫಿಲ್ಮಿನ ಚರ್ಮ. ಒಂದು ವರ್ಷದ ಕೆಲಸ. ಪಲ್ಲಡದ ಕಡೆ ಒಂದು ಕಾಲೇಜಿನ ಮೈದಾನದಲ್ಲಿ ಇವತ್ತು ಸ್ಪರ್ಧೆ. ತಾವೇ ವಿನ್ಯಾಸ ಮಾಡಿ, ತಾವೇ ಕಟ್ಟಿ, ಎಂಟುನೂರು ಗ್ರಾಂ ಮರಳಿನ ಚೀಲ ಹೊತ್ತು ಹಾರಿಸಿ, ಇಳಿಸಬೇಕು. ಮೆಕ್ಯಾನಿಕಲ್ ವಿಭಾಗದ ಅಸಿಸ್ಟೆಂಟ್ ಪ್ರೊಫೆಸರ್ ಕೃಷ್ಣಸಾಮಿ ತಂಡದ ಗೈಡು. ಗೈಡು ಬಾಯಿಂದ ಹೇಳಬಹುದು, ಕೈಯಿಂದ ಕೆಲಸ ಮಾಡುವ ಹಾಗಿಲ್ಲ. ಕಟ್ಟುವ ಕೆಲಸಕ್ಕೆ ವಿದ್ಯಾರ್ಥಿಗಳದ್ದಲ್ಲದ ಕೈ ಸೇರಿದರೆ ತಂಡ ಹೊರಗೆ. ಆ ಪ್ರತಿಜ್ಞಾಪತ್ರಕ್ಕೆ ಅವನು ಹೋದ ವಾರ ರುಜು ಹಾಕಿದ್ದ.

ಇವತ್ತು ಬೆಳಗ್ಗೆ ಐದು ಗಂಟೆಗೆ ಅವನು ಕೈ ಹಾಕಿದ್ದ.

ಕಾರಣ ನಿನ್ನೆ ಸಂಜೆಯ ಜಗಳ. ವಿಮಾನದ ಬಾಲವನ್ನು ಎರಡು ಬೆರಳಲ್ಲಿ ಹಿಡಿದು ಬಗ್ಗಿಸಿ, 'ಇದೇನಮ್ಮಾ, ಬಾಲವೋ ಹಪ್ಪಳವೋ?' ಎಂದಿದ್ದ.

'ಹಪ್ಪಳಾನೇ ಸಾರ್. ತಿನ್ನಕ್ಕಾಗಲ್ಲ, ಅಷ್ಟೇ,' ಎಂದಿದ್ದಳು ಧರಣಿ. ವಿನ್ಯಾಸ ಅವಳದು. 'ನಲವತ್ತೆರಡು ಗ್ರಾಂ. ಕಣಕ್ಕು ಹಾಕಿದೀನಿ. ತಡೆಯುತ್ತೆ.'

ಉಳಿದವರು ನಕ್ಕಿದ್ದರು. ಪೈಲಟ್ ಮಣಿಕಂಡನ್ ಎಲ್ಲರಿಗಿಂತ ಜೋರಾಗಿ.

ಅವಳ ಕಣಕ್ಕು, ಆ ಲೆಕ್ಕ, ಸರಿಯಿತ್ತು. ಅವನೇ ಕಲಿಸಿದ ಲೆಕ್ಕ. ಆದರೆ ರಾತ್ರಿಯೆಲ್ಲ ಆ ಬಾಲ ಅವನ ಬೆರಳುಗಳ ನಡುವೆ ಬಗ್ಗುತ್ತಲೇ ಇತ್ತು. ಅವನ ಊರು ಆನೈಮಲೈಯಲ್ಲಿ ಅಪ್ಪ ಸುಬ್ಬಯ್ಯನ್ ಏನು ಮುರಿದರೂ ತೆಂಗಿನ ಕಡ್ಡಿ ಇಟ್ಟು ಕಟ್ಟುತ್ತಿದ್ದ. ಕೊಡೆಗೆ, ಚಪ್ಪಲಿಗೆ, ಒಮ್ಮೆ ಆಡಿನ ಕಾಲಿಗೆ. ಬೆಳಗ್ಗೆ ಐದಕ್ಕೆ ಕೃಷ್ಣಸಾಮಿ ಲ್ಯಾಬಿನ ಬೀಗ ತೆಗೆದು, ಮೂಲೆಯಲ್ಲಿದ್ದ ಪೊರಕೆಯಿಂದ ಆರು ಕಡ್ಡಿ ಹಿರಿದ. ಬ್ಲೇಡಿನಿಂದ ಬಾಲದ ಫಿಲ್ಮು ಸೀಳಿ, ಕಡ್ಡಿಗಳನ್ನು ಒಳಗೆ ಜೋಡಿಸಿ, ಅಂಟು ಸುರಿದು, ಸೀಳಿದ ಫಿಲ್ಮು ಕೂಡುವಂತೆ ಮೇಲೆ ಬಿಸಿ ಇಸ್ತ್ರಿ ಎಳೆದ. ಗೊತ್ತಾಗದ ಹಾಗೆ. ಬಗ್ಗಿಸಿ ನೋಡಿದ. ಬಾಲ ಬಗ್ಗಲಿಲ್ಲ.

ಆ ಅರ್ಧ ಗಂಟೆ ಅವನು ಸಂತೋಷವಾಗಿದ್ದ. ಬಹಳ ವರ್ಷಗಳ ಮೇಲೆ.

ಆಮೇಲೆ ಪಕ್ಕದಲ್ಲಿದ್ದ ತಕ್ಕಡಿ ಕಣ್ಣಿಗೆ ಬಿತ್ತು. ಸ್ವಿಚ್ಚು ಒತ್ತಿದರೆ ಅಂಕಿ ತೋರಿಸುವ ತಕ್ಕಡಿ. ತೂಗದೆ ಬರೆದವರಿಗೆ ಸೊನ್ನೆ ಹಾಕುವ ಮನುಷ್ಯ, ಬಾಲವನ್ನು ಅದರ ಮೇಲೆ ಇಡಲಿಲ್ಲ. ದೀಪ ಆರಿಸಿ ಹೊರಗೆ ಬಂದ.

ಬಸ್ಸು ಸೂಲೂರು ದಾಟಿತು. ಆಡಿ ತಿಂಗಳ, ಆಷಾಢದ ಗಾಳಿ ಕಿಟಕಿಗಳನ್ನು ಗಡಗಡ ಅನ್ನಿಸುತ್ತಿತ್ತು. ದೂರದಲ್ಲಿ ಗಾಳಿಯಂತ್ರಗಳು ಯಾರನ್ನೋ ಬೇಡವೆನ್ನುವಂತೆ ತೋಳು ತಿರುಗಿಸುತ್ತಿದ್ದವು.

'ಆಡಿ ಗಾಳಿಗೆ ಅರೆಯೋ ಕಲ್ಲೂ ಹಾರುತ್ತೆ ಅಂತಾರೆ,' ಎಂದು ಚೆನ್ನಿಯಪ್ಪನ್ ಕನ್ನಡಿಯಲ್ಲಿ ನೋಡಿ ಕೂಗಿದ. 'ನಿಮ್ದು ಹಾರದೆ ಇರುತ್ತಾ ಮಕ್ಳಾ?'

'ಹಾರೋದು ಸುಲಭ ಅಣ್ಣಾ. ಇಳಿಯೋದೇ ಕಷ್ಟ,' ಎಂದ ಮಣಿಕಂಡನ್.

ಧರಣಿ ವಿಮಾನದ ಬಾಲ ಅಲುಗದಂತೆ ಅಂಗೈ ಕೊಟ್ಟು ಕೂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಅವನ ಕಡೆ ಬಾಗಿ, ಕನ್ನಡದಲ್ಲಿ, ಮೆಲ್ಲಗೆ ಕೇಳಿದಳು:

'ಸಾರ್, ನಿದ್ದೆ ಬರ್ಲಿಲ್ವಾ? ಕಣ್ಣು ಕೆಂಪಾಗವೆ.'

'ಬಂತು.'

'ನಿನ್ನೆ ನಾನು ಅಂಗೆ ಮಾತಾಡಿದ್ದು ತಪ್ಪು ತಾನ್. ಮನಸಲ್ಲಿ ಇಕ್ಕಬ್ಯಾಡಿ.'

'ಅದೇನಿಲ್ಲ.'

ಆ ಬಸ್ಸಿನಲ್ಲಿ ಆ ಭಾಷೆ ಅವರಿಬ್ಬರಿಗೆ ಮಾತ್ರ ಗೊತ್ತಿತ್ತು. ಇಬ್ಬರ ಮನೆಯಲ್ಲೂ ಅಡುಗೆಮನೆಯ ಭಾಷೆ ಅದು. ಇಬ್ಬರಿಗೂ ಓದಲು ಬರದು. ಬಾಗಿಲು ದಾಟಿದರೆ ತಮಿಳು. ಎರಡು ವರ್ಷದ ಹಿಂದೆ, ಅವನು ಬೈದಾಗ ಅವಳು ಗೊಣಗಿದ್ದು ಅವನಿಗೆ ಅರ್ಥವಾಗಿಬಿಟ್ಟಿತ್ತು. ಇಬ್ಬರೂ ಬೆಚ್ಚಿದ್ದರು. ಅಂದಿನಿಂದ ಅವಳು ಯಾರೂ ಇಲ್ಲದಾಗ ಆ ಭಾಷೆಯಲ್ಲಿ ಮಾತಾಡಿಸುತ್ತಿದ್ದಳು. ಅವನು ಆದಷ್ಟು ಚಿಕ್ಕದಾಗಿ ಉತ್ತರ ಕೊಡುತ್ತಿದ್ದ. ಬನಿಯನ್ನಿನಲ್ಲಿದ್ದಾಗ ಯಾರೋ ಬಂದಂತೆ ಅವನಿಗೆ ಆಗುತ್ತಿತ್ತು.

'ಇವತ್ತು ಅಜ್ಜಿ ಉಪವಾಸ ಅವಳೆ,' ಎಂದಳು ಧರಣಿ. 'ಕೆಲಸ ಸಿಕ್ಕೋತನಕ ತುತ್ತು ಮುಟ್ಟಲ್ವಂತೆ.'

ಅವನು ಹೆಬ್ಬೆರಳಿನ ಅಂಟನ್ನು ಉಗುರಿನಿಂದ ಕೆರೆಯತೊಡಗಿದ.

ಕೆಲಸದ ವಿಷಯ ಎಲ್ಲರಿಗೂ ಗೊತ್ತಿತ್ತು. ತುಡಿಯಲೂರಿನಲ್ಲಿ ಡ್ರೋನ್ ಮಾಡುವ ಸರವಣಕುಮಾರ್ ಇವತ್ತಿನ ತೀರ್ಪುಗಾರರಲ್ಲಿ ಒಬ್ಬ. ಧರಣಿಯ ವಿನ್ಯಾಸದ ವರದಿ ಓದಿ ಅವನೇ ಫೋನ್ ಮಾಡಿದ್ದ. ವಿಮಾನ ಒಂದು ಸುತ್ತು ಸರಿಯಾಗಿ ಹಾರಿ ಇಳಿಯಲಿ, ಸೋಮವಾರದಿಂದ ನನ್ನಲ್ಲಿಗೆ ಬಾ ಎಂದಿದ್ದ. ಅಜ್ಜಿ ಕಾಳಿಯಮ್ಮ ವಿಮಾನಕ್ಕೆ ಕುಂಕುಮ ಇಡಲು ಬಂದಾಗ ಧರಣಿ ಅಜ್ಜಿಯ ಬೆರಳು ಹಿಡಿದು, ಎರಡು ರೆಕ್ಕೆಯ ಅಡಿಯಲ್ಲಿ, ಅಳತೆ ಮಾಡಿದ ಜಾಗದಲ್ಲೇ ಇಡಿಸಿದ್ದಳು. ತೂಕ ಸಮವಾಗಿ ನಿಲ್ಲುವ ಜಾಗ ಅದು. ಆ ಎರಡು ಬೊಟ್ಟಿನ ಕೆಳಗೆ ಬೆರಳು ಕೊಟ್ಟು ಎತ್ತಿದರೆ ವಿಮಾನದ ಮೂತಿ ಒಂದಿಷ್ಟು ಬಾಗಬೇಕು. ಬಾಲ ಬಾಗಿದರೆ ಹಾರಿಸುವ ಹಾಗಿಲ್ಲ. ಹಾರಿಸುವ ಮುಂಚೆ ಪ್ರತಿ ಸಲ ಹೀಗೆ ಎತ್ತಿ ನೋಡುವುದು ಅವರ ತಂಡದ ಪದ್ಧತಿ. ಪದ್ಧತಿ ಮಾಡಿದವನೂ ಕೃಷ್ಣಸಾಮಿಯೇ.

ಮೈದಾನದಲ್ಲಿ ಶಾಮಿಯಾನ ಗಾಳಿಗೆ ಹೊಡೆದುಕೊಳ್ಳುತ್ತಿತ್ತು. ಹನ್ನೆರಡು ತಂಡ. ಹಾರಿಸಲು ಅನುಮತಿ ಹನ್ನೊಂದರ ತನಕ ಮಾತ್ರ. ಆಮೇಲೆ ಸೂಲೂರಿನ ವಾಯುಪಡೆಯವರ ಆಕಾಶ.

ಪರೀಕ್ಷೆಯ ಮೇಜಿನ ಮೇಲೆ ವಿಮಾನವನ್ನು ತೂಕಕ್ಕೆ ಇಟ್ಟರು. ಧರಣಿ ಅಂಕಿ ನೋಡಿದಳು, ತನ್ನ ಹಾಳೆ ನೋಡಿದಳು, ಮತ್ತೆ ಅಂಕಿ ನೋಡಿದಳು.

'ನಲವತ್ತೇಳು ಗ್ರಾಂ ಜಾಸ್ತಿ ಇದೆ.'

'ಮಿತಿಯೊಳಗೇ ಇದೆಯಲ್ಲಮ್ಮಾ. ಪಾಸು,' ಎಂದು ಮೇಜಿನವನು ಮುದ್ರೆ ಹಾಕಿದ.

ಕೃಷ್ಣಸಾಮಿಗೆ ಈಗ ತಿಳಿಯಿತು. ಬೇಡವೆಂದರೂ ತಲೆ ಲೆಕ್ಕ ಹಾಕಿಬಿಟ್ಟಿತು. ಬಾಲದಲ್ಲಿ ನಲವತ್ತೇಳು ಗ್ರಾಂ. ಕುಂಕುಮದಿಂದ ಬಾಲಕ್ಕೆ ತೊಂಬತ್ತು ಸೆಂಟಿಮೀಟರ್. ತೂಕದ ನಡು ಒಂದು ಬೆರಳಷ್ಟು ಹಿಂದೆ ಸರಿದಿದೆ. ಪರೀಕ್ಷೆಯಲ್ಲಿ ಅವನು ಐದು ಅಂಕಕ್ಕೆ ಕೊಡುವ ಪ್ರಶ್ನೆ.

ಒಂಬತ್ತೂ ಮುಕ್ಕಾಲಿಗೆ ಅವರ ತಂಡವನ್ನು ಕರೆದರು. ಸಾಲಿನಲ್ಲಿ ನಿಂತು ಧರಣಿ ಹಾಳೆ ಹಿಡಿದು ಒಂದೊಂದೇ ಓದಿದಳು. ಮಣಿಕಂಡನ್ ಒಂದೊಂದೇ ಮುಟ್ಟಿ ಹೇಳಿದ.

'ಚಕ್ರ?'

'ಇದೆ.'

'ರೆಕ್ಕೆ ಬೋಲ್ಟು?'

'ಬಿಗಿ.'

'ಎರಡು ಬೆರಳು?'

ಮಣಿಕಂಡನ್ ರೆಕ್ಕೆಯ ಕೆಳಗೆ ಕೈ ಹಾಕಿದ.

'ಅದು ನಿನ್ನೆಯೇ ಆಯ್ತಲ್ಲ,' ಎಂದ ಕೃಷ್ಣಸಾಮಿ. 'ಮುಂದೆ ಓದು.'

'ಇಲ್ಲ ಸಾರ್,' ಎಂದಳು ಧರಣಿ. 'ತೂಕ ಜಾಸ್ತಿ ಬಂದಿದೆ. ಎಲ್ಲಿಂದ ಬಂತು ಅಂತ ಗೊತ್ತಿಲ್ಲ. ಐದು ನಿಮಿಷ ಕೊಡಿ. ಹಿಂದೆ ಇದ್ದರೆ ಬ್ಯಾಟರಿ ಮುಂದಕ್ಕೆ ಹಾಕಿದರೆ ಆಯ್ತು.'

ಅಷ್ಟೇ. ಬ್ಯಾಟರಿ ಮೂರು ಬೆರಳು ಮುಂದೆ ಸರಿಯಬೇಕು. ಬ್ಯಾಟರಿ ಮುಂದಕ್ಕೆ ತಳ್ಳು. ಅಡುಗೆಮನೆಯ ಭಾಷೆಯಲ್ಲಿ ಮೂರು ಪದ. ಸುತ್ತ ಇನ್ನೂರು ಜನರಿದ್ದರೂ ಒಬ್ಬರಿಗೂ ತಿಳಿಯುತ್ತಿರಲಿಲ್ಲ. ಅವನ ನಾಲಿಗೆಯ ಮೇಲೆ ಆ ಪದಗಳು ಬಂದು ನಿಂತವು. ಆದರೆ ಅವಳು ಎತ್ತಿ ನೋಡುತ್ತಾಳೆ. ಬಾಲ ಬಾಗುತ್ತದೆ. ಬಾಲದಲ್ಲಿ ಏನಿದೆ ಎಂದು ಸೀಳುತ್ತಾಳೆ. ಪೊರಕೆ ಕಡ್ಡಿ. ಎಲ್ಲರೂ ನಗುತ್ತಾರೆ. ತಂಡ ಹೊರಗೆ. ತಂಡಕ್ಕಾಗಿ ಸುಮ್ಮನಿದ್ದೇನೆ ಎಂದು ಅವನು ತನಗೆ ಹೇಳಿಕೊಂಡ. ಹೇಳಿಕೊಂಡದ್ದು ತನ್ನ ದನಿಯಂತೆ ಕೇಳಲಿಲ್ಲ.

'ಐದು ನಿಮಿಷವಂತೆ!' ಎಂದು ಕಿರುಚಿದ. 'ಹನ್ನೆರಡು ಟೀಮು ನಿನಗೆ ಕಾದು ನಿಲ್ಲಬೇಕಾ? ಒಂದು ವರ್ಷ ಏನು ಕಿತ್ತೆ? ನಿನ್ನ ಕಣಕ್ಕಿನ ಮೇಲೆ ನಿನಗೇ ನಂಬಿಕೆ ಇಲ್ವಾ?'

ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಧರಣಿಯ ಕಿವಿ ಕೆಂಪಾಯಿತು.

ಅವನ ಕೋಪ ಕಾಲೇಜಿಗೆಲ್ಲ ಗೊತ್ತಿದ್ದದ್ದು. ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಮನುಷ್ಯ ಒಳ್ಳೆಯವನು ಎನ್ನುತ್ತಿದ್ದರು. ಇವತ್ತು ಮೊದಲ ಸಲ, ಕೋಪ ಬಾರದೆಯೇ ಕೋಪದ ದನಿ ಬರುತ್ತದೆಂದು ಅವನು ಕಂಡುಕೊಂಡ. ಒಳಗೆ ಎಲ್ಲ ತಣ್ಣಗಿತ್ತು. ದನಿ ತಾನೇ ತಾನಾಗಿ ಕೆಲಸ ಮಾಡುತ್ತಿತ್ತು, ಒಳ್ಳೆಯ ಮೋಟಾರಿನಂತೆ.

ಅವಳ ಕೈಯಿಂದ ಹಾಳೆ ಕಿತ್ತುಕೊಂಡು 'ಎರಡು ಬೆರಳು' ಎನ್ನುವುದರ ಮುಂದೆ ಆಯಿತೆಂದು ತಾನೇ ಗೀಟು ಹಾಕಿದ. 'ಹೋಗಿ.'

ಸೂಲೂರಿನ ಕಡೆಯಿಂದ ನಿಜವಾದ ವಿಮಾನವೊಂದರ ಸದ್ದು ಬಂತು. ಸಂಘಟಕರು ಕೆಂಪು ಬಾವುಟ ಎತ್ತಿದರು. ಎಲ್ಲರೂ ನಿಂತರು. ಸದ್ದು ದೊಡ್ಡದಾಗಿ, ತಲೆಯ ಮೇಲೆ ಹಾದು, ಕರಗಿತು. ಎರಡು ನಿಮಿಷ ಹಿಡಿಯಿತು. ಆ ಎರಡು ನಿಮಿಷವೂ ಧರಣಿ ಅವನನ್ನೇ ನೋಡುತ್ತಿದ್ದಳು. ಅವನು ಆಕಾಶ ನೋಡಿದ. ಹಸಿರು ಬಾವುಟ ಎದ್ದಿತು.

ವಿಮಾನ ಓಡಿತು. ಚೆನ್ನಾಗಿಯೇ ಎದ್ದಿತು. ಶಾಮಿಯಾನದಲ್ಲಿ ಯಾರೋ ಸೀಟಿ ಹೊಡೆದರು. ಒಂದು ಕ್ಷಣ ಅವನಿಗೆ ಎಲ್ಲ ಸರಿಯಾಗಿಯೇ ಇದೆ, ಲೆಕ್ಕವೇ ಸುಳ್ಳು ಎನಿಸಿತು. ಅಪ್ಪ ಗೆದ್ದ ಎನಿಸಿತು.

ಆಮೇಲೆ ಮೂತಿ ಮೇಲೇಳುತ್ತಲೇ ಹೋಯಿತು. ಮಣಿಕಂಡನ್ ರಿಮೋಟಿನ ಹಿಡಿ ಮುಂದಕ್ಕೆ ಒತ್ತಿದ. ಮೂತಿ ಧೊಪ್ಪೆಂದು ಬಿತ್ತು. ಎಳೆದ. ಮೊದಲಿಗಿಂತ ಹೆಚ್ಚು ಎದ್ದಿತು. ಗಾಳಿ ಅದರ ಹೊಟ್ಟೆಗೆ ಹೊಡೆಯಿತು. ವಿಮಾನ ನೆಟ್ಟಗೆ ನಿಂತಿತು, ಏನನ್ನೋ ಮರೆತು ನೆನಪಿಸಿಕೊಳ್ಳುವವರ ಹಾಗೆ. ಒಂದು ಮಗ್ಗುಲಿಗೆ ವಾಲಿ, ಬೇಲಿಯಾಚೆಯ ಜೋಳದ ಹೊಲಕ್ಕೆ ಹೋಗಿ ಬಿತ್ತು.

ಹನ್ನೊಂದು ಸೆಕೆಂಡು.

ಮೋಟಾರು ಮಣ್ಣಿನಲ್ಲಿ ಹೂತಿತ್ತು. ರೆಕ್ಕೆ ಮೂರು ತುಂಡು. ಮರಳಿನ ಚೀಲ ಒಡೆದು ಮರಳು ಮಣ್ಣಿಗೆ ಸೇರಿತ್ತು. ಕುಂಕುಮದ ಬೊಟ್ಟು ಇದ್ದ ಒಂದು ಚೂರು ಫಿಲ್ಮು ಜೋಳದ ದಂಟಿಗೆ ಸಿಕ್ಕಿ ಪಟಪಟ ಅನ್ನುತ್ತಿತ್ತು.

'ನನ್ನ ಕೈಲೇ ಇರಲಿಲ್ಲ ಸಾರ್,' ಎಂದ ಮಣಿಕಂಡನ್. 'ನಿನ್ನೆ ಇದ್ದ ವಿಮಾನವೇ ಅಲ್ಲ ಇದು. ಯಾರೋ ಕೈಯಾಡಿಸಿದಾರೆ. ಆ ಬೇರೆ ಟೀಮಿನವರು... ನಾನು ಮಾಸಾಣಿಯಮ್ಮನ ಗುಡಿಗೆ ಹೋಗ್ತೀನಿ. ಮೆಣಸಿನಕಾಯಿ ಅರೆದು ಹಚ್ತೀನಿ. ಮಾಡಿದವನ ಮೈಯೆಲ್ಲ ಉರೀಲಿ.'

'ಮುಚ್ಚೋ. ಇಂಜಿನಿಯರಿಂಗ್ ಓದೋನ ಮಾತಾ ಇದು?'

'ನಿಮ್ಮ ಊರಿನ ದೇವರೇ ಅಲ್ವಾ ಸಾರ್?'

ಹೌದು. ಕಳ್ಳನ ಹೆಸರು ಗೊತ್ತಿಲ್ಲದವರು ಆನೈಮಲೈಗೆ ಬಂದು, ಆ ಗುಡಿಯಲ್ಲಿ ಕೆಂಪು ಮೆಣಸಿನಕಾಯಿ ಅರೆದು ಕಲ್ಲಿಗೆ ಬಳಿಯುವುದನ್ನು ಅವನು ಚಿಕ್ಕಂದಿನಿಂದ ನೋಡಿದ್ದ. ನಂಬುತ್ತಿರಲಿಲ್ಲ. ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

ಫೋನು ಬಂತು. ಅಪ್ಪ.

'ಏನ್ ಸಾಮಿ, ಏರೋಪ್ಲೇನು ಮೇಲಕ್ಕೆ ಹೋಯ್ತಾ?'

'ಹೋಯ್ತು.'

'ಕೆಳಕ್ಕೆ ಬಂತಾ?'

'ಬಂತು.'

'ಮತ್ತೇನು! ಅಷ್ಟೇ ತಾನೇ ಬೇಕಾದ್ದು,' ಎಂದು ಅಪ್ಪ ನಕ್ಕು ಫೋನಿಟ್ಟ.

ತಿರುಗಿ ನೋಡಿದಾಗ ಧರಣಿ ಬಾಲವನ್ನು ಎತ್ತಿ ಹಿಡಿದಿದ್ದಳು. ಅದಕ್ಕೆ ಏನೂ ಆಗಿರಲಿಲ್ಲ. ಇಡೀ ವಿಮಾನದಲ್ಲಿ ಮುರಿಯದೆ ಉಳಿದದ್ದು ಅದೊಂದೇ. ಅಂಗೈಯಲ್ಲಿ ಮೇಲೆ ಕೆಳಗೆ ಆಡಿಸಿದಳು, ಸಂತೆಯಲ್ಲಿ ಕಾಯಿ ತೂಗಿ ನೋಡುವಂತೆ. ಒಂದು ಮೂಲೆಯಲ್ಲಿ ಫಿಲ್ಮು ಹರಿದಿತ್ತು. ಅಲ್ಲಿ ಬೆರಳಿಟ್ಟಳು. ಒಬ್ಬಳೇ ಪರೀಕ್ಷೆಯ ಮೇಜಿನ ಕಡೆ ನಡೆದಳು. ಅಷ್ಟು ದೂರದಿಂದ ಅವನಿಗೆ ತಕ್ಕಡಿಯ ಅಂಕಿ ಕಾಣಲಿಲ್ಲ. ಕಾಣುವ ಅಗತ್ಯವಿರಲಿಲ್ಲ. ನಲವತ್ತೆರಡಕ್ಕೆ ನಲವತ್ತೇಳು ಸೇರಿ ಎಂಬತ್ತೊಂಬತ್ತು.

ಅವಳು ಕೂಗುತ್ತಾಳೆ ಎಂದು ಕಾದ. ಕೂಗಲಿ ಎಂದೂ ಕಾದ. ಅವಳು ಕೂಗಲಿಲ್ಲ.

ಗೆದ್ದವರು, ಬಿದ್ದವರು, ಎಲ್ಲ ತಂಡದವರೂ ಹೋಗುವ ಮುಂಚೆ ಒಂದು ಹಾಳೆ ತುಂಬಿ ಕೊಡಬೇಕು. 'ಈ ಸ್ಪರ್ಧೆಯಿಂದ ಕಲಿತದ್ದು.' ಕೆಳಗೆ ಗೈಡಿನ ಅಭಿಪ್ರಾಯ, ಗೈಡಿನ ರುಜು. ಶಾಮಿಯಾನದಲ್ಲಿ ಧರಣಿ ಅದನ್ನು ಬರೆದು ಮುಗಿಸಿದ್ದಳು. ಮೇಜಿನ ಆಚೆ ಸರವಣಕುಮಾರ್ ಕುಳಿತು ಪೇಪರ್ ಕಪ್ಪಿನಲ್ಲಿ ಟೀ ಕುಡಿಯುತ್ತಿದ್ದ. ದುಂಡು ಮುಖ, ಮಡಿಸಿದ ತೋಳು. ಕೆಟ್ಟ ಮನುಷ್ಯನಲ್ಲ.

ಕೃಷ್ಣಸಾಮಿ ಓದಿದ. 'ಕೊನೆಯ ಜೋಡಣೆಯಾದ ಮೇಲೆ ತೂಕದ ನಡುವನ್ನು ಪರೀಕ್ಷಿಸಲಿಲ್ಲ. ಬಾಲದ ತೂಕ ಹೆಚ್ಚಾಗಿತ್ತು. ಹೊಣೆ: ವಿನ್ಯಾಸದ ಮುಖ್ಯಸ್ಥೆ.' ಅವಳ ರುಜು.

'ಹಾರಿಸೋ ಮುಂಚೆ ನೋಡಲಿಲ್ವಾ? ನಿನ್ನ ವರದಿಯಲ್ಲಿ ಅದನ್ನ ನೀನೇ ಅಷ್ಟು ದೊಡ್ಡದಾಗಿ ಬರೆದಿದ್ದೆ,' ಎಂದ ಸರವಣಕುಮಾರ್.

'ನೋಡಲಿಲ್ಲ ಸಾರ್.'

'ಯಾಕಮ್ಮಾ?'

ಧರಣಿ ಪೆನ್ನಿಗೆ ಮುಚ್ಚಳ ಹಾಕಿದಳು. ಸರವಣಕುಮಾರ್ ಗೈಡಿನ ಕಡೆ ತಿರುಗಿದ.

'ನೀವು ಹೇಳಿ ಸಾರ್. ನಾಲ್ಕು ವರ್ಷ ನೋಡಿದೀರಿ. ಕರಕೊಳ್ಳಲಾ, ಬೇಡವಾ?'

ಗಾಳಿ ಒಂದು ಗಳಿಗೆ ನಿಂತಿತು. ಶಾಮಿಯಾನ ಉಸಿರು ಹಿಡಿದಂತೆ ಇಳಿಬಿತ್ತು. ಹೇಳುತ್ತೇನೆ ಎಂದುಕೊಂಡ. ಹೇಳಲೆಂದೇ ಬಾಯಿ ತೆರೆದ.

'ಹುಡುಗಿ ಬುದ್ಧಿವಂತೆ,' ಎಂದಿತು ಬಾಯಿ. 'ಸ್ವಲ್ಪ ಅವಸರ.'

ಸರವಣಕುಮಾರ್ ನಿಧಾನವಾಗಿ ತಲೆಯಾಡಿಸಿದ. 'ಅವಸರ ಇದ್ದರೆ ನಮ್ಮಲ್ಲಿ ಕಷ್ಟ,' ಎಂದ. 'ನೋಡೋಣಮ್ಮಾ. ಮುಂದೆ ಯಾವಾಗಲಾದರೂ ಜಾಗ ಇದ್ದರೆ ಮೇಲ್ ಮಾಡ್ತೀವಿ.' ಕಪ್ಪನ್ನು ಹಿಸುಕಿ ಎದ್ದು ಹೋದ.

ಧರಣಿ ಹಾಳೆಯನ್ನು ಅವನ ಕಡೆ ತಳ್ಳಿದಳು. ಮೇಲೆ ಪೆನ್ನು ಇಟ್ಟಳು.

'ಇಲ್ಲಿ ಒಂದು ಸಾಲು ಖಾಲಿ ಇದೆ ಸಾರ್,' ಎಂದಳು. ಕನ್ನಡದಲ್ಲಿ. 'ಗೈಡು ಬರೀಬೇಕಾದ್ದು.'

'ಇರಲಿ ಬಿಡು.'

ಖಾಲಿ ಸಾಲಿನ ಕೆಳಗೆ ರುಜು ಹಾಕಿದ. ಹಾಕುವಾಗ ಹೆಬ್ಬೆರಳಿನ ಅಂಟು ಪೊರೆಯಂತೆ ಕಳಚಿ ಹಾಳೆಯ ಮೇಲೆ ಬಿತ್ತು. ಅದರಲ್ಲಿ ಅವನ ಬೆರಳಿನ ಗೆರೆಗಳೆಲ್ಲ ಅಚ್ಚಾಗಿದ್ದವು. ಧರಣಿ ಅದನ್ನು ನೋಡಿದಳು. ಅವನು ಊದಿ ಹಾರಿಸಿದ.

ಹನ್ನೆರಡಕ್ಕೆ ಬಸ್ಸು ಹೊರಟಿತು. ವಿಮಾನದ ಚೂರುಗಳನ್ನು ಎರಡು ಗೋಣಿಚೀಲಕ್ಕೆ ತುಂಬಿ ಹಿಂದೆ ಎಸೆದಿದ್ದರು. ಮಣಿಕಂಡನ್ ಮುಖದ ಮೇಲೆ ಟವೆಲ್ಲು ಹಾಕಿಕೊಂಡು ಮಲಗಿದ್ದ. ಧರಣಿ ಮುಂದಿನ ಸೀಟಿನಿಂದ ಎದ್ದು, ಕಂಬಿ ಹಿಡಿದುಕೊಂಡು, ಕೃಷ್ಣಸಾಮಿ ಒಬ್ಬನೇ ಕೂತಿದ್ದ ಸೀಟಿನ ಹತ್ತಿರ ಬಂದಳು. ಕೈಯಲ್ಲಿ ಬಾಲವಿತ್ತು. ಅವನ ಪಕ್ಕದ ಖಾಲಿ ಜಾಗದಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಿದಳು.

'ಇದು ನಿಮ್ದು,' ಎಂದಳು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ, ಯಾರಿಗೂ ತಿಳಿಯದ ಭಾಷೆಯಲ್ಲಿ. 'ನೀವೇ ಮಡೀಕ್ಕಳಿ.'

ಹೋಗಿ ತನ್ನ ಜಾಗದಲ್ಲಿ ಕೂತಳು. ಹಿಂದಿರುಗಿ ನೋಡಲಿಲ್ಲ.

'ಏನಂತೆ ಸಾರ್ ಆ ಹುಡುಗಿ?' ಎಂದು ಕೇಳಿದ ಚೆನ್ನಿಯಪ್ಪನ್, ಕನ್ನಡಿಯಲ್ಲಿ.

'ಏನಿಲ್ಲ.'

'ಅಳ್ತಾ ಇದಾಳಾ?'

'ರಸ್ತೆ ನೋಡಿ ಅಣ್ಣಾ.'

ಬಾಲದ ಮೂಲೆಯಲ್ಲಿ ಫಿಲ್ಮು ಇನ್ನಷ್ಟು ಹರಿದು ಪೊರಕೆ ಕಡ್ಡಿಯ ಕಂದು ತುದಿ ಹೊರಗೆ ಚಾಚಿತ್ತು. ಅದನ್ನು ಒಳಗೆ ಒತ್ತಿದ. ಮತ್ತೆ ಹೊರಬಂತು. ತೊಡೆಯ ಮೇಲೆ ಇಟ್ಟುಕೊಳ್ಳಲು ನೋಡಿದ. ಆಗಲಿಲ್ಲ. ಸೀಟಿನ ಕೆಳಗೆ ಹಿಡಿಸಲಿಲ್ಲ. ಕಿಟಕಿಯಿಂದ ಎಸೆಯಬಹುದಿತ್ತು. ಕನ್ನಡಿಯಲ್ಲಿ ಚೆನ್ನಿಯಪ್ಪನ್ ಇನ್ನೂ ನೋಡುತ್ತಿದ್ದ.

ಮತ್ತೆ ಪಕ್ಕದಲ್ಲೇ ನಿಲ್ಲಿಸಿದ.

ಗಾಳಿಯಂತ್ರಗಳ ಬಯಲಿಗೆ ಬಂದಾಗ ಕಿಟಕಿಯಿಂದ ಗಾಳಿ ರಭಸವಾಗಿ ನುಗ್ಗಿತು. ಬಾಲದ ಹಿಂಬದಿಯಲ್ಲಿದ್ದ ಚುಕ್ಕಾಣಿಯ ಹಲಗೆ ಅಲುಗಿತು. ಅದನ್ನು ಆಡಿಸುವ ತಂತಿ ಕಡಿದುಹೋಗಿತ್ತು. ಎಡಕ್ಕೆ ಹೊರಳಿತು. ಬಲಕ್ಕೆ ಹೊರಳಿತು. ಬಸ್ಸು ನೇರವಾಗಿ ಹೋಗುತ್ತಿತ್ತು. ಸೂಲೂರು ಬರುವ ತನಕವೂ, ಅವನ ಪಕ್ಕದಲ್ಲಿ ಸೆಟೆದು ನಿಂತ ಆ ಬಾಲ, ರೆಕ್ಕೆಯೂ ಮೂತಿಯೂ ಇಲ್ಲದ ಏನನ್ನೋ ಬಹಳ ಎಚ್ಚರಿಕೆಯಿಂದ ತಿರುಗಿಸುತ್ತಲೇ ಇತ್ತು.